ಪ್ರಶ್ನೋತ್ತರ: ಪಠ್ಯಕ್ರಮದ ಬಗ್ಗೆ ಕೇಳಿ – ಚಿಕ್ಕಬಳ್ಳಾಪುರ ಪೋಷಕರು, ಶಿಕ್ಷಕರ ಬಳಗ

ಪೋಷಕಿ, ಚಿಂತಾಮಣಿ: ನಮಸ್ಕಾರ ಮೇಡಂ. ರಾಜ್ಯ ಪಠ್ಯಕ್ರಮ ಒಳ್ಳೆಯದೋ, ಸಿಬಿಎಸ್‌ಇ ಒಳ್ಳೆಯದೋ?

ಶಿಕ್ಷಕರ ತರಬೇತಿ ಉಪನ್ಯಾಸಕಿ: ನಮಸ್ಕಾರ. ಹೆಸರು ನೋಡಿ ಸೇರಿಸಬೇಡಿ. ಆ ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆಯೇ ಎಂದು ಹೋಗಿ ನೋಡಿ.

ಶಿಕ್ಷಕಿ, ಬಾಗೇಪಲ್ಲಿ: ನನ್ನ ನಲಿಕಲಿ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ತರಗತಿಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಮನೆಮಾತು ತೆಲುಗು. ಒಂದು ವರ್ಷದಿಂದ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಮೊನ್ನೆ ಮಾತ್ರ ರೇಷ್ಮೆ ಹುಳು ಎರಡನೇ ಜ್ವರಕ್ಕೆ (ಪೊರೆ ಬಿಡುವ ಹಂತಕ್ಕೆ) ಕೂತಿದೆ ಎಂದು ಗೆಳತಿಗೆ ತೆಲುಗಿನಲ್ಲಿ ವಿವರಿಸುತ್ತಿದ್ದಳು. ‘ನಿಧಾನ ಕಲಿಕೆ’ ಎಂದು ದಾಖಲಿಸಲು ಹೇಳುತ್ತಿದ್ದಾರೆ.

ಉಪನ್ಯಾಸಕಿ: ದಯವಿಟ್ಟು ಹಾಗೆ ಬರೆಯಬೇಡಿ. ರೇಷ್ಮೆ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಂತದ್ದನ್ನು ಗಮನಿಸಿ, ಜ್ವರ ಎಷ್ಟನೆಯದು ಎಂದು ಎಣಿಸುವ ಮಗು ನಿಧಾನವಲ್ಲ. ಗಮನಿಸುವುದು, ಕ್ರಮ ಹಿಡಿಯುವುದು, ಲೆಕ್ಕವಿಡುವುದು ಎಲ್ಲವೂ ಅವಳಲ್ಲಿದೆ, ಕನ್ನಡವೊಂದು ಬಾಕಿ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗದಲ್ಲೇ ಕಲಿಕೆ ನಡೆಯುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಹೇಳಿದ್ದು. ನಲಿಕಲಿ 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಆರಂಭವಾಯಿತು. ಅದರ ತಟ್ಟೆಗಳನ್ನೇ, ಅಂದರೆ ಮಕ್ಕಳು ಕೂತು ಕಲಿಯುವ ಗುಂಪುಗಳನ್ನೇ ನೋಡಿ: ಶಿಕ್ಷಕರ ನೆರವು, ಗೆಳೆಯರ ನೆರವು, ಸ್ವಕಲಿಕೆ. ವೈಗೋಟ್‌ಸ್ಕಿಯ ಮಾತು ಅಲ್ಲಿ ನೆಲದ ಮೇಲೆ ಕೂತಿದೆ. ಅವಳನ್ನು ಅದೇ ಗೆಳತಿಯ ಜೊತೆ ಗೆಳೆಯರ ನೆರವಿನ ತಟ್ಟೆಗೆ ಸೇರಿಸಿ. ಹುಳುವಿನ ಚಿತ್ರ ಬರೆಯಲಿ, ತೆಲುಗಿನಲ್ಲೇ ಹೇಳಲಿ. ಅವಳು ಹೇಳಿದ್ದನ್ನು ಅವಳೆದುರೇ ಕನ್ನಡದಲ್ಲಿ ಬರೆದು ಓದಿ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇದನ್ನೇ. ಅವಳ ಮನೆಗೆ ಹೋಗಿದ್ದೀರಾ?

ಪೋಷಕರು, ಶಿಡ್ಲಘಟ್ಟ: ಬಂದ ಸಂದೇಶ ಹಾಕಿದ್ದೇನೆ: ಮಗು ಕಣ್ಣಿನಿಂದ ಕಲಿಯುತ್ತದೋ ಕಿವಿಯಿಂದಲೋ ಎಂದು ಬೆರಳಚ್ಚು ನೋಡಿ ಹೇಳುತ್ತಾರಂತೆ.

ಉಪನ್ಯಾಸಕಿ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬೆರಳಚ್ಚು ಕಲಿಕೆಯನ್ನು ಹೇಳುವುದಿಲ್ಲ. ‘ಕಣ್ಣಿನ ಮಗು, ಕಿವಿಯ ಮಗು’ ಎಂದು ವಿಂಗಡಿಸಿ ಕಲಿಸುವುದಕ್ಕೆ ತಕ್ಕ ಪುರಾವೆ ಇಲ್ಲವೆಂದು ಮನೋವಿಜ್ಞಾನಿಗಳು 2008ರಲ್ಲೇ ಪರಿಶೀಲಿಸಿ ಬರೆದಿದ್ದಾರೆ. ಇಂಥ ಸಂದೇಶ ಇಲ್ಲಿ ಇದು ಮೂರನೆಯದು.

ಪೋಷಕರು, ಗೌರಿಬಿದನೂರು: ನಲಿಕಲಿ ಬಂತು, ಮಗ್ಗಿ ಹೋಯಿತು. ನಮ್ಮ ಮೇಷ್ಟರ ಬೆತ್ತದಿಂದ ಇಪ್ಪತ್ತರವರೆಗೆ ಬಾಯಿಪಾಠವಾಗಿತ್ತು.

ಶಿಕ್ಷಕ, ಗುಡಿಬಂಡೆ: ಆ ಬೆತ್ತಕ್ಕೆ ಹೆದರಿ ನನ್ನ ಅಣ್ಣ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ. ಅವನನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗೌರಿಬಿದನೂರು: ಮೊದಲು ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ ಹೇಳಿ.

ಗುಡಿಬಂಡೆ: ನಾನು ಪಾಠ ಮಾಡುವ ಶಾಲೆಯಲ್ಲೇ. ಬಂದು ನೋಡಿ.

ಬಿ.ಇಡಿ. ವಿದ್ಯಾರ್ಥಿನಿ: ಮೇಡಂ, ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮ್‌ನಲ್ಲಿ ಇಂದಿನ ಪಠ್ಯಕ್ರಮಕ್ಕೆ ಉಳಿದಿರುವುದು ಏನು?

ಗೌರಿಬಿದನೂರು: ಮಗ್ಗಿಗೆ ಉತ್ತರ ಬರಲಿಲ್ಲ.

ಉಪನ್ಯಾಸಕಿ: ಮಗ್ಗಿ ಬೇಡವೆಂದು ಯಾರು ಹೇಳಿದರು? ಮೊದಲು ಹುಣಸೆ ಬೀಜ ಗುಂಪು ಮಾಡಿ ಮೂರು ನಾಲ್ಕಲಿ ಹನ್ನೆರಡು ಎಂದು ಕಾಣಲಿ, ಆಮೇಲೆ ಬಾಯಿಪಾಠವಾಗಲಿ. ಬೆತ್ತದ ಮಾತು ಇಲ್ಲಿಗೆ ಸಾಕು.

ಪೋಷಕರು, ಚೇಳೂರು: ಸಿಬಿಎಸ್‌ಇ ಒಳ್ಳೆಯದಾ?

ಉಪನ್ಯಾಸಕಿ: ಮೇಲೆ ಓದಿ.

ಶಿಕ್ಷಕಿ, ಬಾಗೇಪಲ್ಲಿ: ಮನೆಗೆ ಹೋಗಿಲ್ಲ ಮೇಡಂ, ಭಾನುವಾರ ಹೋಗುತ್ತೇನೆ. ದಾಖಲೆಯಲ್ಲಿ ಏನು ಬರೆಯಲಿ?

ಉಪನ್ಯಾಸಕಿ: ‘ಹುಳುವಿನ ಜ್ವರ ಗುರುತಿಸುತ್ತಾಳೆ, ತೆಲುಗಿನಲ್ಲಿ ವಿವರಿಸುತ್ತಾಳೆ’ ಎಂದು ಬರೆಯಿರಿ. ಯಾರಾದರೂ ಆಕ್ಷೇಪಿಸಿದರೆ ನನಗೆ ಫೋನ್ ಮಾಡಿ.