ಥೀಸಿಯಸ್ ಕತೆಯ ಮಜಲುಗಳು: ಕೊನೆಯದಕ್ಕೆ ಏನಂತ ಹೆಸರಿಡೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಗ್ರೀಕರ ಥೀಸಿಯಸ್ ಕತೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ಹೀರೋಸ್ ಜರ್ನಿ' ಅನ್ನುತ್ತಾರಲ್ಲ, ಅದರ ಹಂತಗಳನ್ನು ಈ ಕತೆಗೆ ಹೊಂದಿಸಿ ಒಂದು ಪುಟ ತೋರಿಸಬೇಕು. ಪುರಾಣಗಳ ಅಮೆರಿಕನ್ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ ಅವರು 1949ರಲ್ಲಿ ಇಂಥ 17 ಹಂತ ಗುರುತಿಸಿ, ಮೂರು ಭಾಗ ಮಾಡಿದರು. ಹೊರಡುವುದು, ಪರೀಕ್ಷೆಗಳಲ್ಲಿ ಪಳಗುವುದು, ಮರಳುವುದು. ಇವನ್ನೇ 'ನಿರ್ಗಮನ, ದೀಕ್ಷೆ, ಪುನರಾಗಮನ' ಅಂತ ಬರೆದರೆ ಗಂಭೀರವಾಗಿ ಕೇಳಿಸುತ್ತದೆ. ಆದರೆ ಎಂಟನೇ ಕ್ಲಾಸಿನ ಹುಡುಗಿಯ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು 'ಸ್ಟೇಜ್' ಅನ್ನುವುದಕ್ಕೇ ಏನನ್ನೋಣ? 'ಹಂತ' ಎಲ್ಲರಿಗೂ ಗೊತ್ತು, ಆದರೆ ಯೋಜನೆಯ ಮೊದಲ ಹಂತ, ಎರಡನೇ ಹಂತ ಅಂತ ಕೇಳಿ ಕೇಳಿ ಅದಕ್ಕೆ ಸರ್ಕಾರಿ ವಾಸನೆ ಬಂದಿದೆ. ನನಗೆ 'ಮಜಲು' ಹೆಚ್ಚು ಹಿಡಿಸುತ್ತದೆ. ಅರಬ್ಬಿಯ 'ಮಂಜಿಲ್' ನಮ್ಮಲ್ಲಿ ಬಂದು ಮಜಲಾಯಿತು. ನಡೆದು ಹೋಗುವವರು ತಂಗುವ ಜಾಗ, ಒಂದು ತಂಗುದಾಣದಿಂದ ಇನ್ನೊಂದಕ್ಕಿರುವ ದಾರಿ, ಎರಡೂ ಅದರಲ್ಲಿದೆ. ಕರಾವಳಿಯವರಿಗೆ ಮಾತ್ರ ಮಜಲು ಅಂದರೆ ತಗ್ಗಿನ ಬೈಲಿಗೂ ಎತ್ತರದ ಬೆಟ್ಟಿಗೂ ನಡುವಿನ ಗದ್ದೆ. ಅಲ್ಲಿನ ಮಕ್ಕಳಿಗೆ ಗೊಂದಲ ಆಗಬಹುದಾ? ಆ ಕಡೆಯವರು ಹೇಳಬೇಕು.

'ಹೀರೋ'ಗೆ ನಾನು 'ನಾಯಕ' ಬಳಸುತ್ತಿಲ್ಲ, 'ವೀರ' ಬಳಸುತ್ತಿದ್ದೇನೆ. ನಾಯಕ ಅಂದರೆ ನಾಟಕದ, ಸಿನಿಮಾದ ಮುಖ್ಯ ಪಾತ್ರ. ಗ್ರೀಕರ 'ಹೀರೋಸ್' ಹಾಗಲ್ಲ. ಅವನು ಸತ್ತ ಮೇಲೆ ಊರವರು ಸಮಾಧಿ ಕಟ್ಟಿ ಪೂಜಿಸುವವನು. ನಮ್ಮ ವೀರಗಲ್ಲಿನ ವೀರನೂ ಹೀಗೇ ಅಲ್ವಾ?

ಇನ್ನು ಕತೆಯ ಮಜಲುಗಳು. 'ಕರೆ' ಸುಲಭ. ಟ್ರೋಯ್‌ಜೆನ್ ಊರಲ್ಲಿ ತಾಯಿ ಐಥ್ರಾ ಮಗನಿಗೆ ಒಂದು ಬಂಡೆ ತೋರಿಸುತ್ತಾಳೆ. ಅದರಡಿ ಅವನ ಅಪ್ಪ, ಅಥೆನ್ಸಿನ ದೊರೆ ಏಜಿಯಸ್, ಒಂದು ಕತ್ತಿಯನ್ನೂ ಒಂದು ಜೊತೆ ಚಪ್ಪಲಿಯನ್ನೂ ಬಚ್ಚಿಟ್ಟು ಹೋಗಿದ್ದಾನೆ. ಮಗ ಬಂಡೆ ಎತ್ತುತ್ತಾನೆ. ಆಮೇಲೆ ಹೊರಡುವುದು. ಇದಕ್ಕೆ ನಮ್ಮಲ್ಲಿ ಬಹಳ ಚೆಂದದ ಮಾತೇ ಇದೆ: ಸೀಮೋಲ್ಲಂಘನ. ವಿಜಯದಶಮಿಯ ದಿನ ಊರ ಗಡಿ ದಾಟುವುದು. 'ಹೊಸ್ತಿಲು ದಾಟುವುದು' ಅಂದರೆ ಮದುವೆ, ಮನೆತುಂಬುವುದು ನೆನಪಾಗುತ್ತದೆ. ಸೀಮೋಲ್ಲಂಘನ ಅಂದರೆ ದಂಡಿಗೆ ಹೊರಟಂತೆ. ಪದ ಉದ್ದ, ಒಪ್ಪುತ್ತೇನೆ. ಆದರೂ ದಸರಾ ನೋಡಿದ ಮಕ್ಕಳಿಗೆ ಹೇಳಿಕೊಡುವುದು ಕಷ್ಟವಲ್ಲ.

ದಾರಿಯ ಪರೀಕ್ಷೆಗಳ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದೋಣಿಯಲ್ಲಿ ಸುಲಭವಾಗಿ ಹೋಗಬಹುದಿತ್ತು, ಅವನು ಬೇಕಂತಲೇ ಕಳ್ಳಕಾಕರಿದ್ದ ನೆಲದ ದಾರಿ ಹಿಡಿದ. ಮಂಚದ ಅಳತೆಗೆ ಸರಿಯಾಗಿ ಅತಿಥಿಯ ಕಾಲು ಕಡಿಯುವ, ಇಲ್ಲವೇ ಎಳೆದು ಉದ್ದ ಮಾಡುವ ಪ್ರೊಕ್ರಸ್ಟೀಸ್ ಸಿಕ್ಕಿದ್ದೂ ಆ ದಾರಿಯಲ್ಲೇ.

ಮುಂದಿನದು ಗುರುತು ಸಿಗುವ ಮಜಲು. ಅಥೆನ್ಸಿನಲ್ಲಿ ಏಜಿಯಸ್‌ಗೆ ಬಂದವನು ಮಗ ಅಂತ ಗೊತ್ತಿಲ್ಲ. ದೊರೆಯ ಜೊತೆಗಿದ್ದ ಮಾಟಗಾತಿ ಮೆಡೀಯಾಗೆ ಗೊತ್ತಾಗಿದೆ. ಅವಳ ಮಾತು ಕೇಳಿ ದೊರೆ ಊಟಕ್ಕೆ ಕರೆದು ವಿಷದ ಬಟ್ಟಲು ಇಡಿಸುತ್ತಾನೆ. ಥೀಸಿಯಸ್ ಮಾಂಸ ಕೊಯ್ಯುವವನ ಹಾಗೆ ಮೆಲ್ಲಗೆ ಕತ್ತಿ ಹೊರಗೆಳೆಯುತ್ತಾನೆ. ಅಪ್ಪನ ಕಣ್ಣು ಅದರ ಮೇಲೆ ಬೀಳುತ್ತದೆ. ಬಟ್ಟಲನ್ನು ಕೆಡವಿ ಮಗನನ್ನು ತಬ್ಬಿಕೊಳ್ಳುತ್ತಾನೆ. ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ಇದನ್ನು ಹೀಗೆ ಹೇಳುತ್ತಾನೆ. ಅರಿಸ್ಟಾಟಲ್ 'ಅನಗ್ನೋರಿಸಿಸ್' ಅಂದದ್ದು ಇಂಥದ್ದಕ್ಕೇ. ಶಕುಂತಲೆಯ ಉಂಗುರ ಗೊತ್ತಿರುವವರಿಗೆ 'ಅಭಿಜ್ಞಾನ' ತಟ್ಟನೆ ಹೊಳೆಯುತ್ತದೆ. ಮಕ್ಕಳಿಗೆ 'ಕುರುಹು' ಸಾಕು. ಗುರುತಿನ ವಸ್ತುವೂ ಅದೇ, ಗುರುತಿಸುವುದೂ ಅದರಲ್ಲೇ ಬಂತು.

ಮುಂದೆ ಥೀಸಿಯಸ್ ಹೊಕ್ಕ ಕ್ರೀಟ್ ದ್ವೀಪದ ಲ್ಯಾಬಿರಿಂತ್‌ಗೆ, ಅಂದರೆ ಹೊರದಾರಿ ಸಿಗದ ಸುತ್ತುದಾರಿಗಳ ಕಟ್ಟಡಕ್ಕೆ, 'ಚಕ್ರವ್ಯೂಹ' ಅನ್ನಬಹುದು ಅಂತ ಒಬ್ಬರು ಸೂಚಿಸಿದರು. ವ್ಯೂಹ ಅಂದರೆ ಸೇನೆಯ ಜೋಡಣೆ, ಕಟ್ಟಡವಲ್ಲ, ನಿಜ. ಆದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಅಭಿಮನ್ಯುವಿನ ಚಕ್ರವ್ಯೂಹವನ್ನು ಸುತ್ತುದಾರಿಯಾಗಿಯೇ ಕೆತ್ತಿದ್ದಾರೆ. ಹಾಗಾಗಿ ರೂಪದ ಮಟ್ಟಿಗೆ ತಕರಾರಿಲ್ಲ. ನನ್ನ ಹಿಂಜರಿಕೆಗೆ ಬೇರೆ ಕಾರಣ ಇದೆ. ಚಕ್ರವ್ಯೂಹ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಒಳಹೋಗಿ ಹೊರಬರದ ಹುಡುಗ. ಥೀಸಿಯಸ್ ಕತೆಯ ಜೀವಾಳ ಇರುವುದು ಹೊರಬರುವುದರಲ್ಲಿ. ಕ್ರೀಟಿನ ದೊರೆಯ ಮಗಳು ಅರಿಯಾಡ್ನೆ ಕೊಟ್ಟ ದಾರದ ಉಂಡೆ, ಒಳಗಿದ್ದ ಗೂಳಿ ತಲೆಯ ಮಿನೋಟಾರನನ್ನು ಕೊಲ್ಲಲಿಕ್ಕಲ್ಲ, ಬಂದ ದಾರಿಯಲ್ಲೇ ವಾಪಸ್ ಬರಲಿಕ್ಕೆ. ಸುಮ್ನೆ 'ಸುತ್ತುದಾರಿಯ ಮನೆ' ಅಂತ ಬರೆಯೋಣ ಅನ್ನಿಸುತ್ತಿದೆ.

ಸತ್ತವರ ಲೋಕಕ್ಕೆ ಇಳಿಯುವ ಮಜಲೂ ಅವನ ಬದುಕಿನಲ್ಲಿ ಮುಂದೆ ಬರುತ್ತದೆ. ಗೆಳೆಯ ಪಿರಿಥೌಸ್ ಜೊತೆ ಆ ಲೋಕದ ರಾಣಿ ಪರ್ಸೆಫೋನಿಯನ್ನು ಕದಿಯಲು ಹೋಗಿ ಅಲ್ಲೇ ಸಿಕ್ಕಿಬಿದ್ದಾಗ, ಬಿಡಿಸಿ ತಂದವನು ಹೆರಾಕ್ಲೀಸ್. 'ಪಾತಾಳ' ಹಾಕಬೇಡಿ, ನಮ್ಮ ಪಾತಾಳ ನಾಗರದು, ಸತ್ತವರದಲ್ಲ. 'ಭೂಗತ ಲೋಕ' ಅಂತೂ ಬೇಡವೇ ಬೇಡ, ಪತ್ರಿಕೆ ಓದುವ ಮಕ್ಕಳಿಗೆ ರೌಡಿಗಳೇ ನೆನಪಾಗುತ್ತಾರೆ. 'ಸತ್ತವರ ಲೋಕ' ನೇರವಾಗಿದೆ.

ಈಗ ಅಸಲಿ ಪ್ರಶ್ನೆ, ಮರಳುವುದು. ನಮ್ಮ ನಾಟ್ಯಶಾಸ್ತ್ರದಲ್ಲಿ ನಾಟಕದ ಕತೆ ಸಾಗುವ ಐದು ಅವಸ್ಥೆಗಳನ್ನೇ ಬಳಸಬಾರದೇಕೆ ಅಂತ ಯಾರಾದರೂ ಕೇಳುತ್ತೀರಿ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಆದರೆ ಅದು ಫಲ ಕೈಗೆ ಬಂದಲ್ಲಿಗೆ ಮುಗಿಯುತ್ತದೆ. ಥೀಸಿಯಸ್‌ಗೆ ಫಲ ಸಿಕ್ಕಿದ್ದು ಕ್ರೀಟಿನಲ್ಲಿ. ಅರಿಯಾಡ್ನೆಯನ್ನು ನಾಕ್ಸೋಸ್‌ನಲ್ಲಿ ಬಿಟ್ಟು ಬಂದ. ಬದುಕಿ ಬಂದರೆ ಬಿಳಿ ಹಾಯಿ ಏರಿಸುತ್ತೇನೆ ಅಂದವನು ಮರೆತ. ಕಪ್ಪು ಹಾಯಿ ಕಂಡ ಏಜಿಯಸ್ ಮಗ ಸತ್ತನೆಂದುಕೊಂಡು ಕಡಲಿಗೆ ಹಾರಿ ಪ್ರಾಣ ಬಿಟ್ಟ, ಆ ಕಡಲಿಗೆ ಏಜಿಯನ್ ಅಂತ ಹೆಸರಾಯಿತು. ಅಂದರೆ ಕತೆಯ ದೊಡ್ಡ ಪೆಟ್ಟು ಬೀಳುವುದೇ ವಾಪಸ್ ಬರುವ ದಾರಿಯಲ್ಲಿ. ಇದಕ್ಕೆ ಫಲಾಗಮ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ವೀರಗಲ್ಲು ನೋಡಿದರೆ ಅದರಲ್ಲೂ ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಮೂರು ಮಜಲು ಹೌದು, ಆದರೆ ಆ ವೀರ ಮೇಲಕ್ಕೆ ಹೋಗುತ್ತಾನೆ, ಮನೆಗೆ ಬರುವುದಿಲ್ಲ. ಥೀಸಿಯಸ್ ಸತ್ತದ್ದೂ ಪರಊರಲ್ಲಿ, ಸ್ಕೈರೋಸ್ ದ್ವೀಪದಲ್ಲಿ. ಆದರೆ ಅಥೆನ್ಸಿನವರು ಬಿಡಲಿಲ್ಲ. ಕ್ರಿ.ಪೂ. 475ರ ಸುಮಾರಿಗೆ ಕಿಮೋನ್ ಎಂಬ ದಳಪತಿ ಅವನವೆಂದು ನಂಬಿದ ಮೂಳೆಗಳನ್ನು ಅಲ್ಲಿಂದ ತಂದ. ಜನ ಮೆರವಣಿಗೆ ಮಾಡಿ, ಬದುಕಿದವನೇ ಬಂದ ಹಾಗೆ ಬರಮಾಡಿಕೊಂಡರು. ಗ್ರೀಕರಿಗೆ ಮನೆಗೆ ಮರಳುವುದು, ಅವರ 'ನೋಸ್ತೋಸ್', ಅಷ್ಟು ದೊಡ್ಡ ಸಂಗತಿ. ಅದಕ್ಕೆ 'ಹಿಂತಿರುಗುವಿಕೆ' ಅಂದರೆ ಸಪ್ಪೆ. 'ಪುನರಾಗಮನ' ಅಂದರೆ ದೇವರನ್ನು ಕಳಿಸಿಕೊಡುವಾಗ ಹೇಳುವ ಮಾತು ನೆನಪಾಗುತ್ತದೆ.

ನಾನು ಸದ್ಯಕ್ಕೆ ನಾಮಪದಗಳನ್ನೇ ಬಿಟ್ಟು ಕ್ರಿಯಾಪದಗಳಲ್ಲೇ ಮಜಲುಗಳ ಹೆಸರು ಬರೆದುಕೊಂಡಿದ್ದೇನೆ: ಕರೆ ಬಂತು, ಗಡಿ ದಾಟಿದ, ಕುರುಹು ಸಿಕ್ಕಿತು, ಒಳಹೊಕ್ಕ, ದಾರ ಹಿಡಿದು ಬಂದ, ಊರು ಸೇರಿದ. ಸೀಮೋಲ್ಲಂಘನವನ್ನು ಪಕ್ಕದ ವಿವರಣೆಯಲ್ಲಿ ಇಡಬಹುದು. 'ಊರು ಸೇರಿದ' ಅನ್ನುವಾಗ ದಾರಿಯ ದಣಿವೂ ತಲುಪಿದ ನೆಮ್ಮದಿಯೂ ಬರುತ್ತದೆ, ಆದರೆ ಈ ಕತೆಯಲ್ಲಿ ನೆಮ್ಮದಿ ಇಲ್ಲವಲ್ಲ. ಉತ್ತರ ಕರ್ನಾಟಕದವರು 'ಊರು ಮುಟ್ಟಿದ' ಅನ್ನುವುದನ್ನು ಕೇಳಿದ್ದೇನೆ. ಅದು ಇನ್ನೂ ಚುರುಕಾಗಿದೆ. ಸಾವಿನ ಮನೆಗೆ ಬಂದು ತಲುಪಿದವನಿಗೂ ನಿಮ್ಮ ಕಡೆ 'ಊರು ಮುಟ್ಟಿದ' ಅನ್ನುತ್ತಾರಾ, ಇಲ್ಲ ಅದಕ್ಕೆ ಬೇರೆ ಮಾತಿದೆಯಾ?