ಪೋಲೋ ಸೈಕಲ್ ಜೋಡಿಸುವಾಗ ದುಡ್ಡು ಯಾವುದಕ್ಕೆ ಹಾಕಬೇಕು?

ಕೇಳಿದವರು, ಸಿಯಾಟಲ್‌ನಿಂದ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಕೆಲಸ ಸಿಯಾಟಲ್‌ನಲ್ಲಿ. ಇಲ್ಲಿ ಸಿಮೆಂಟ್ ಕೋರ್ಟಿನಲ್ಲಿ ಮೂರು ಮೂರು ಜನ ಆಡುವ ಹಾರ್ಡ್‌ಕೋರ್ಟ್ ಬೈಕ್ ಪೋಲೋ ಹಚ್ಚಿಕೊಂಡಿದ್ದೇನೆ. ಸೈಕಲ್ ಮೇಲೆ ಕೂತೇ, ಉದ್ದ ಹಿಡಿಯ ಸುತ್ತಿಗೆಯಂಥ ಮ್ಯಾಲೆಟ್‌ನಿಂದ ಚೆಂಡು ಹೊಡೆದು ಗೋಲು ಹಾಕುವ ಆಟ. ಇಷ್ಟು ದಿನ ತಂಡದವರ ಸೈಕಲ್ಲಿನಲ್ಲಿ ಆಡುತ್ತಿದ್ದೆ. ಈಗ ಸ್ವಂತದ್ದು ಜೋಡಿಸಬೇಕು ಅಂತ ಆಸೆ. ಮನೆಯಲ್ಲಿ ಒಂದು ಫಿಕ್ಸಿ (ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುವ ಸೈಕಲ್) ಇದೆ, ರೋಡ್ ಬೈಕಿನ ದೊಡ್ಡ 700ಸಿ ಚಕ್ರ, ಚೈನ್ ಕೂರುವ ಹಲ್ಲುಚಕ್ರದಲ್ಲಿ ಮುಂದೆ 46 ಹಲ್ಲು, ಹಿಂದೆ 16. ಅದನ್ನೇ ಬದಲಾಯಿಸಿಕೊಳ್ಳಲಾ, ಹಳೇ ಮೌಂಟನ್ ಬೈಕ್ ಫ್ರೇಮ್ ಹುಡುಕಲಾ, ಅಥವಾ ಪೋಲೋಗೆ ಅಂತಲೇ ಮಾಡಿದ ಫ್ರೇಮ್ ಕೊಳ್ಳಲಾ? ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಅಂತ ಆಡಿದವರು ಹೇಳಿ.

ಬರ್ಲಿನ್‌ನಿಂದ

ನಮಸ್ಕಾರ. ಈ ಆಟ ಹುಟ್ಟಿದ ಊರಲ್ಲೇ ಇದ್ದೀರಿ, ಖುಷಿಯಾಯಿತು. ಸಿಯಾಟಲ್‌ನ ಸೈಕಲ್ ಕೊರಿಯರ್ ಹುಡುಗರು ಶುರು ಮಾಡಿದಾಗ ಎಲ್ಲರೂ ತಮ್ಮ ಕೆಲಸದ ಸೈಕಲ್ಲಿನಲ್ಲೇ ಆಡುತ್ತಿದ್ದರು. ಫಿಕ್ಸಿ, 700ಸಿ ಚಕ್ರ, ಅಷ್ಟೇ. ಈಗ ಕೋರ್ಟಿಗೆ ಹೋಗಿ ನೋಡಿದರೆ 26 ಇಂಚಿನ ಚಕ್ರ, ಫ್ರೀವೀಲ್ (ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ), ಒಳ್ಳೇ ಬ್ರೇಕ್ ಇರುವ ಸೈಕಲ್ಲುಗಳೇ ಜಾಸ್ತಿ. ಇದು ಫ್ಯಾಷನ್ ಅಲ್ಲ, ಆಟವೇ ಹಾಗೆ ಕೇಳುತ್ತದೆ.

ನನ್ನ ಮಾತು ಇಷ್ಟೇ. ಮೊದಲ ದುಡ್ಡು ಬ್ರೇಕಿಗೆ, ಆಮೇಲೆ ಚಕ್ರಕ್ಕೆ, ಫ್ರೇಮ್ ಕೊನೆಗೆ. ಬಲಗೈಯಲ್ಲಿ ಮ್ಯಾಲೆಟ್ ಇರುತ್ತದೆ. ತಿರುಗಿಸೋದು, ನಿಲ್ಲಿಸೋದು, ಬ್ಯಾಲೆನ್ಸ್ ಮಾಡೋದು ಎಲ್ಲ ಎಡಗೈ ಒಂದರ ಪಾಲು. ಯಾವ ಭಾಗ ಕೊಳ್ಳುವಾಗಲೂ ಎಡಗೈಗೆ ಇದು ಸುಲಭವಾಗುತ್ತಾ ಅಂತ ನೋಡಿ. ಕಾಲು ನೆಲಕ್ಕೆ ತಾಗಿದರೆ ಕೋರ್ಟಿನ ಮಧ್ಯದ ಅಂಚಿಗೆ ಹೋಗಿ ಮ್ಯಾಲೆಟ್ ತಾಗಿಸಿ ಬರಬೇಕು ಅಲ್ವಾ? ಅಷ್ಟರಲ್ಲಿ ನಿಮ್ಮ ತಂಡ ಇಬ್ಬರಾಗಿರುತ್ತದೆ. ಆ ಹೊತ್ತಿನಲ್ಲೇ ಗೋಲು ಬೀಳೋದು. ಹಾಗಾಗಿ ವೇಗಕ್ಕಿಂತ ಕಾಲು ಇಡದೆ ನಿಲ್ಲುವ, ತಿರುಗುವ ಸೈಕಲ್ ಬೇಕು.

ಫಿಕ್ಸಿ ವಿಷಯ. 46ಕ್ಕೆ 16 ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 6 ಮೀಟರ್ ಹೋಗುತ್ತದೆ. ರಸ್ತೆಗೆ ಚೆನ್ನ. ಕೋರ್ಟಿನಲ್ಲಿ ನಿಂತಲ್ಲಿಂದ ಹೊರಡೋದೇ ಕಷ್ಟ. 26 ಇಂಚಿನ ಚಕ್ರಕ್ಕೆ ಮುಂದೆ 32, ಹಿಂದೆ 20 ಹಾಕಿದರೆ ಸುಮಾರು 3.3 ಮೀಟರ್. ಹಿಂದೆ 22 ಹಾಕಿದರೆ 3 ಮೀಟರ್. ಇದರಲ್ಲಿ ಎರಡು ತುಳಿತಕ್ಕೆ ಚೆಂಡಿನ ಹತ್ತಿರ ಇರುತ್ತೀರಿ. ಮಿನಿಟಿಗೆ 90 ಸುತ್ತು ತುಳಿದರೂ ಗಂಟೆಗೆ 16ರಿಂದ 18 ಕಿಲೋಮೀಟರ್ ವೇಗ ಬರುತ್ತದೆ. ಅಷ್ಟು ಚಿಕ್ಕ ಜಾಗಕ್ಕೆ ಅದು ಸಾಕು.

700ಸಿ ಚಕ್ರದಲ್ಲಿ ಇನ್ನೊಂದು ತೊಂದರೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಪಾದದ ತುದಿ ಮುಂದಿನ ಟೈರಿಗೆ ತಾಗುತ್ತದೆ. ಚಿಕ್ಕ ಫ್ರೇಮ್ ಆದರೆ ಇನ್ನೂ ಜಾಸ್ತಿ. ಪೋಲೋದಲ್ಲಿ ತಿರುಗಿಸೋದೆಲ್ಲ ಹಾಗೇ, ಪೂರ್ತಿ. ಜೊತೆಗೆ ಫಿಕ್ಸಿಯಲ್ಲಿ ಪೆಡಲ್ ನಿಲ್ಲೋದಿಲ್ಲ. ವಾಲಿ ತಿರುಗುವಾಗ ಕೆಳಗಿನ ಪೆಡಲ್ ನೆಲಕ್ಕೆ ಬಡಿಯುತ್ತದೆ. ಫ್ರೀವೀಲ್ ಇದ್ದರೆ ಆ ಪೆಡಲನ್ನು ಮೇಲೆ ಇಟ್ಟುಕೊಂಡು ತಿರುಗಬಹುದು. ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, 165 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಇದ್ದರೆ ಇನ್ನೂ ವಾಸಿ.

ಫ್ರೀವೀಲಲ್ಲಿ ಮಾತ್ರ ಅಗ್ಗದ್ದು ಬೇಡ. ತುಳಿದ ತಕ್ಷಣ ಕಚ್ಚಬೇಕು, ನಡುವೆ ಸಡಿಲ ಇರಬಾರದು. ನಿಂತಲ್ಲೇ ಪೆಡಲನ್ನು ಹಿಂದೆ ಮುಂದೆ ಆಡಿಸಿ ಬ್ಯಾಲೆನ್ಸ್ ಮಾಡುವಾಗ ಆ ಸಡಿಲವೇ ಕಾಲು ಇಡಿಸುತ್ತದೆ. ವೈಟ್ ಇಂಡಸ್ಟ್ರೀಸ್ ಕಂಪನಿಯವರ ಎನೋ ಫ್ರೀವೀಲ್ ಬೇಗ ಕಚ್ಚುತ್ತದೆ. ದುಬಾರಿ ನಿಜ, ಆದರೆ ಬಿಚ್ಚಿ ರಿಪೇರಿ ಮಾಡಬಹುದು. ಫ್ರೇಮ್ ಬದಲಾದರೂ ಅದು ಜೊತೆಗೇ ಬರುತ್ತದೆ.

ಹ್ಯಾಂಡಲ್ ನೇರ ಇರಲಿ. ಒಂದೇ ಕೈಯಲ್ಲಿ ಹಿಡಿಯೋದರಿಂದ ತುಂಬಾ ಅಗಲ ಬೇಡ. ತುದಿಗಳಿಗೆ ಮುಚ್ಚಳ ಹಾಕಲೇಬೇಕು. ತೆರೆದ ಪೈಪಿನ ತುದಿ ಬೇರೆಯವರ ಹೊಟ್ಟೆಗೆ ಚುಚ್ಚಿದರೆ ದೊಡ್ಡ ಗಾಯವಾಗುತ್ತದೆ. ಇದರಲ್ಲಿ ನನಗೆ ರಾಜಿ ಇಲ್ಲ.

ಪೋರ್ಟ್‌ಲ್ಯಾಂಡ್‌ನಿಂದ, ಸೈಕಲ್ ಮೆಕ್ಯಾನಿಕ್

ಬರ್ಲಿನ್‌ನವರು ಹೇಳಿದ್ದಕ್ಕೆ ಬ್ರೇಕ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ನಮ್ಮ ಭಾರತದ ಸೈಕಲ್ಲಿನಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕು, ಎಡಗೈದು ಹಿಂದಿನದು. ಅಮೆರಿಕದಲ್ಲಿ ಉಲ್ಟಾ. ಪೋಲೋಗೆ ಅದು ಅನುಕೂಲವೇ, ಮುಂದಿನ ಬ್ರೇಕ್ ಎಡಗೈಯಲ್ಲೇ ಸಿಗುತ್ತದೆ. ಆದರೆ ನಮ್ಮ ಕೈಗೆ ಹಳೇ ಅಭ್ಯಾಸ ಇರುತ್ತದೆ. ಆಟಕ್ಕೆ ಮೊದಲು ಖಾಲಿ ಜಾಗದಲ್ಲಿ ಓಡಿಸಿ ರೂಢಿ ಮಾಡಿಕೊಳ್ಳಿ.

ಒಂದೇ ಲಿವರಿನಿಂದ ಎರಡು ಕೇಬಲ್ ಎಳೆಯುವವೂ ಸಿಗುತ್ತವೆ. ತುಂಬಾ ಜನ ಅದನ್ನೇ ಹಾಕುತ್ತಾರೆ. ಆದರೆ ಕೈಯ ಬಲ ಎರಡು ಪಾಲಾಗುತ್ತದೆ. ಬ್ರೇಕ್ ಸಾಧಾರಣದ್ದಾದರೆ ಎರಡೂ ಸರಿಯಾಗಿ ಹಿಡಿಯೋದಿಲ್ಲ. ನನ್ನ ಪ್ರಕಾರ ಮೊದಲಿಗೆ ಮುಂದೆ ಒಂದು ಒಳ್ಳೇ ಬ್ರೇಕ್ ಹಾಕಿ. ಹಿಂದಿನದು ಆಮೇಲೆ ನೋಡಿಕೊಳ್ಳಿ.

ಲಿವರ್ ಮತ್ತು ಬ್ರೇಕ್ ಜೋಡಿ ಸರಿ ಇರಬೇಕು. ವಿ-ಬ್ರೇಕಿಗೆ (ಎರಡು ಉದ್ದ ತೋಳು ರಿಮ್ ಹಿಡಿಯುವ ಬ್ರೇಕ್) ಕೇಬಲ್ ಜಾಸ್ತಿ ಎಳೆಯುವ ಲಿವರ್ ಬೇಕು. ರೋಡ್ ಬೈಕಿನ ಲಿವರ್ ಕಡಿಮೆ ಎಳೆಯುತ್ತದೆ. ಏವಿಡ್ ಕಂಪನಿಯ ಬಿಬಿ7 ಡಿಸ್ಕ್ ಬ್ರೇಕಲ್ಲೂ (ಚಕ್ರದ ನಡುವಿನ ತಟ್ಟೆ ಹಿಡಿಯುವ ಬ್ರೇಕ್) ಮೌಂಟನ್ ಮತ್ತು ರೋಡ್ ಅಂತ ಎರಡು ಬಗೆ ಇವೆ. ಹೆಸರು ಒಂದೇ ಅಂತ ತಪ್ಪು ಬಗೆ ತಂದು, ಬ್ರೇಕ್ ಹಿಡಿಯೋದಿಲ್ಲ ಅಂತ ಅಂಗಡಿಗೆ ಬರುವವರು ಇದ್ದಾರೆ.

ಡಿಸ್ಕ್‌ನ ದೊಡ್ಡ ಲಾಭ ಏನಂದರೆ ಚಕ್ರ ಸ್ವಲ್ಪ ಡೊಂಕಾದರೂ ಬ್ರೇಕ್ ಕೆಲಸ ಮಾಡುತ್ತದೆ. ರಿಮ್ ಹಿಡಿಯುವ ಬ್ರೇಕಾದರೆ ಉಜ್ಜಲು ಶುರು. ಪೋಲೋದಲ್ಲಿ ಚಕ್ರ ಡೊಂಕಾಗೋದು ಮಾಮೂಲು. ಆದರೆ ಮುಂದೆ ಡಿಸ್ಕ್ ಹಾಕಿದರೆ ಬ್ರೇಕ್ ಹಿಡಿದಾಗ ಆ್ಯಕ್ಸಲ್ ಫೋರ್ಕಿನಿಂದ ಕೆಳಗೆ ಜಾರುವ ಕಡೆಗೆ ಬಲ ಬೀಳುತ್ತದೆ. ಸಡಿಲವಾದ ಕ್ವಿಕ್ ರಿಲೀಸ್ (ಕೈಯಲ್ಲೇ ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಬಗೆ) ನಂಬಬೇಡಿ. ನಟ್ ಹಾಕಿ ಬಿಗಿ ಮಾಡುವ ಹಬ್ (ಚಕ್ರದ ನಡುವಿನ ಭಾಗ) ಅಥವಾ ಫೋರ್ಕಿನ ತೂತಿನೊಳಗೇ ಹಾಯುವ ಥ್ರೂ ಆ್ಯಕ್ಸಲ್ ಇರಲಿ.

ಚಕ್ರಕ್ಕೆ ಎರಡು ಗೋಡೆಯ ರಿಮ್, 32 ಅಥವಾ 36 ಕಡ್ಡಿ, ಒಂದರ ಮೇಲೊಂದು ಹಾಯಿಸಿ ಕಟ್ಟಿದ್ದು. ನೇರ ಕಡ್ಡಿ ಕಟ್ಟಿದ ಚಕ್ರ ಡಿಸ್ಕಿಗೆ ಬೇಡವೇ ಬೇಡ. ಟೈರು ನುಣುಪಾದದ್ದು, ಒಂದೂವರೆ ಇಂಚು ಆಸುಪಾಸು. ಮುಂದಿನ ಚಕ್ರಕ್ಕೆ ಕವರ್ ಹಾಕಿ. ಅಮೆರಿಕದಲ್ಲಿ ಚುನಾವಣೆ ಬಂದಾಗ ಅಂಗಳದಲ್ಲಿ ನೆಡುತ್ತಾರಲ್ಲ, ಆ ಪೊಳ್ಳು ಪ್ಲಾಸ್ಟಿಕ್ ಬೋರ್ಡು, ಅದನ್ನು ಗುಂಡಗೆ ಕತ್ತರಿಸಿ ಜಿಪ್ ಟೈ ಬಿಗಿದರೆ ಆಯಿತು. ಮ್ಯಾಲೆಟ್ ಕಡ್ಡಿಯೊಳಗೆ ಹೋಗೋದಿಲ್ಲ. ಗೋಲ್ ಕಾಯುವಾಗ ಚೆಂಡೂ ಒಳಗೆ ತೂರೋದಿಲ್ಲ.

ಪುಣೆಯಿಂದ

ನಾನು ಆಡಿದ್ದು ಹುಲ್ಲಿನ ಸೈಕಲ್ ಪೋಲೋ. 1891ರಲ್ಲಿ ಐರ್ಲೆಂಡ್‌ನ ರಿಚರ್ಡ್ ಮೆಕ್ರೀಡಿ ಶುರು ಮಾಡಿದ್ದು, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವೂ ನಡೆದಿತ್ತು. ನಮ್ಮ ದೇಶದಲ್ಲಿ ಅದು ಇವತ್ತಿಗೂ ಆಡುವ ಆಟ. ಮುಂದೆ ಊರಿಗೆ ಬಂದಾಗ ಅದೇ ಸೈಕಲ್ಲಿನಲ್ಲಿ ಇಲ್ಲೂ ಆಡುತ್ತೇನೆ ಅಂದುಕೊಳ್ಳಬೇಡಿ. ಹುಲ್ಲಿನ ಮೈದಾನ ದೊಡ್ಡದು, ಓಟ ಜಾಸ್ತಿ. ಈ ಚಿಕ್ಕ ಗೇರಲ್ಲಿ ಸುಮ್ನೆ ಕಾಲು ತಿರುಗುತ್ತದೆ, ಸೈಕಲ್ ಮುಂದೆ ಹೋಗೋದಿಲ್ಲ. ಎರಡಕ್ಕೂ ಒಂದೇ ಸೈಕಲ್ ಅಂತ ಹೊಂದಾಣಿಕೆ ಮಾಡಲು ಹೋದರೆ ಎರಡೂ ಕಡೆ ಸುಖ ಇಲ್ಲ. ಹಾರ್ಡ್‌ಕೋರ್ಟಿಗೆ ಅಂತಲೇ ಜೋಡಿಸಿ.

ಕೇಳಿದವರು

ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಫಿಕ್ಸಿ ಹಾಗೇ ಇರಲಿ ಅಂತ ಮಾಡಿದೆ. 90ರ ದಶಕದ ಒಂದು ಸ್ಟೀಲ್ ಮೌಂಟನ್ ಬೈಕ್ ಕಡಿಮೆ ಬೆಲೆಗೆ ಸಿಗುತ್ತಿದೆ. ಮುಂದೆ ಸಸ್ಪೆನ್ಷನ್ ಇಲ್ಲ. ವಿ-ಬ್ರೇಕ್ ಕೂರುವ ಗೂಟಗಳು ಇವೆ. ಆದರೆ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಸೀಳು ನೇರ ಕೆಳಕ್ಕಿದೆ, ಹಿಂದೆ ಮುಂದೆ ಸರಿಯೋದಿಲ್ಲ. ತಗೊಳ್ಳಬಹುದಾ?

ಪೋರ್ಟ್‌ಲ್ಯಾಂಡ್‌ನಿಂದ, ಸೈಕಲ್ ಮೆಕ್ಯಾನಿಕ್

ಅಲ್ಲೇ ನೋಡಿ ಸಿಕ್ಕಿಕೊಳ್ಳೋದು. ಚಕ್ರ ಸರಿಯದಿದ್ದರೆ ಚೈನ್ ಬಿಗಿ ಮಾಡಲು ಆಗೋದಿಲ್ಲ. ಚೈನ್ ಟೆನ್ಷನರ್ ಹಾಕಬಹುದು, ಆದರೆ ಅದು ಕೆಳಗೆ ನೇತಾಡುತ್ತದೆ, ಬಲಗಡೆಯೇ ಇರುತ್ತದೆ. ಮ್ಯಾಲೆಟ್ಟೂ ಚೆಂಡೂ ಬಡಿಯೋದು ಅದೇ ಕಡೆ. ಎನೋ ಎಕ್ಸೆಂಟ್ರಿಕ್ ಹಬ್ ಹಾಕಿದರೆ ಸಮಸ್ಯೆ ಇಲ್ಲ. ಅದರ ಆ್ಯಕ್ಸಲ್ ನಡುವಿನಿಂದ ಪಕ್ಕಕ್ಕಿದೆ, ತಿರುಗಿಸಿದರೆ ಚೈನ್ ಬಿಗಿಯಾಗುತ್ತದೆ. ಆದರೆ ಆ ಹಬ್ಬಿನ ಬೆಲೆ ಈ ಹಳೇ ಸೈಕಲ್ಲಿಗಿಂತ ಜಾಸ್ತಿ ಆದೀತು.

ಅವಸರ ಇಲ್ಲದಿದ್ದರೆ ಇದನ್ನು ಬಿಡಿ. 80ರ ದಶಕದ ಕೊನೆ, 90ರ ಶುರುವಿನ ಫ್ರೇಮ್‌ಗಳಲ್ಲಿ ಆ ಸೀಳು ಓರೆಯಾಗಿರುವವು ಸಿಗುತ್ತವೆ. ಮಾರುವವರ ಹತ್ತಿರ ಹಿಂದಿನ ಚಕ್ರ ಬಿಚ್ಚಿಸಿ, ಆ ಜಾಗದ ಫೋಟೋ ಕೇಳಿ. ಫ್ರೇಮ್ ಕೆಳಪೈಪಿನ ಬಲಗಡೆದೂ ಒಂದು ಫೋಟೋ ಇರಲಿ, ತಗ್ಗು ಬಿದ್ದಿದೆಯಾ ನೋಡಬೇಕು. ಎರಡನ್ನೂ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.