1986ರ ಪೋರ್ಷೆ 911 ಕ್ಯಾರೆರಾ 3.2: ಯಾವ ಎಂಜಿನ್ ಆಯಿಲ್?

ಪ್ರಶ್ನೆ: ಏರ್-ಕೂಲ್ಡ್ ಎಂಜಿನ್. ಈಗಿನ ಕಾರುಗಳ ತೆಳು ಗ್ರೇಡ್ ಆಯಿಲ್ 5ಡಬ್ಲ್ಯೂ-30 ಇದಕ್ಕೂ ನಡೆಯುತ್ತಾ?

ಉತ್ತರ 1: ಬೇಡ ಸರ್. ಕಾದಾಗ ತೀರಾ ತೆಳುವಾಗಿ ಪ್ರೆಷರ್ ಬೀಳುತ್ತೆ. ಬಿಸಿಲ ಊರಿಗೆ ದಪ್ಪ ಗ್ರೇಡ್ 20ಡಬ್ಲ್ಯೂ-50 ಸರಿ. ಡೇಟಾ ಶೀಟ್‌ನಲ್ಲಿ ಜಿಂಕ್, ಫಾಸ್ಫರಸ್ 1000 ಪಿಪಿಎಂ (ಹತ್ತು ಲಕ್ಷದಲ್ಲಿ 1000 ಭಾಗ) ದಾಟಿರಲಿ. ವಾಲ್ವ್ ತೆರೆಯುವ ಕ್ಯಾಮ್, ರಾಕರ್ ಸವೆಯದಂತೆ ಕಾಯೋದು ಅದೇ.

ಉತ್ತರ 2: ಗ್ರೇಡಿಗಿಂತ ಜನ ಎಡವೋದು ಅಳತೆಯಲ್ಲಿ. ಇದು ಡ್ರೈ ಸಂಪ್, ಅಂದ್ರೆ ಹೆಚ್ಚಿನ ಆಯಿಲ್ ಇರೋದು ಎಂಜಿನ್ ತಳದಲ್ಲಲ್ಲ, ಬೇರೆ ಟ್ಯಾಂಕಿನಲ್ಲಿ. ಎಂಜಿನ್ ಕೆಳಗಿನ ಪ್ಲಗ್ ಬಿಚ್ಚಿದರೆ ಸಾಲದು, ಬಲ ಹಿಂಚಕ್ರದ ಹಿಂದಿನ ಟ್ಯಾಂಕ್ ಪ್ಲಗ್ಗೂ ಬಿಚ್ಚಬೇಕು. ಮೊದಲು 8 ಲೀಟರ್ ಹಾಕಿ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಸಮತಟ್ಟು ಜಾಗದಲ್ಲಿ, ಐಡಲಿಂಗ್‌ನಲ್ಲೇ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುತ್ತಾ ಸ್ವಲ್ಪಸ್ವಲ್ಪ ಸೇರಿಸಿ. ಆಫ್ ಮಾಡಿ ನೋಡಿದರೆ ಆಯಿಲ್ ಟ್ಯಾಂಕಿನಿಂದ ಇಳಿದು ಕಡಿಮೆ ತೋರಿಸುತ್ತೆ. ಅದನ್ನು ನಂಬಿ ಸುರಿದರೆ ಹೆಚ್ಚಾದದ್ದು ಗಾಳಿ ಒಳಹೋಗುವ ಇನ್‌ಟೇಕ್‌ಗೆ ನುಗ್ಗಿ ಹೊಗೆ ಬರುತ್ತೆ.

ಪ್ರಶ್ನೆ ಕೇಳಿದವರು: ಟ್ಯಾಂಕ್ ಪ್ಲಗ್ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸರ್.